ನಿದ್ದೆ ಮಾತ್ರೆ ಮತ್ತು ಎರಡು ಬಾಗಿಲು

ನನ್ನ ಕಾಯಿಲೆಗೆ ಜ್ವರ ಇರಲಿಲ್ಲ, ಗಾಯ ಇರಲಿಲ್ಲ, ಸ್ಕ್ಯಾನಿಂಗಿನಲ್ಲಿ ಕಾಣುವಂಥದ್ದೂ ಏನೂ ಇರಲಿಲ್ಲ. ಹಾಗಾಗಿ ಅದು ಕಾಯಿಲೆ ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ನಾನು ವಿಮಾನದಲ್ಲಿ ಕೆಲಸ ಮಾಡುತ್ತಿದ್ದೆ. ನೂರೆಂಬತ್ತು ಜನರ ಬೆಲ್ಟು ಸರಿಯಾಗಿದೆಯೋ ಇಲ್ಲವೋ ಅಂತ ಸಾಲು ಸಾಲಾಗಿ ನೋಡಿಕೊಂಡು ಹೋಗುತ್ತಿದ್ದವಳ ತಲೆಯೇ ಸರಿಯಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆದರೆ ನನ್ನ ಹಾಗೇ ಯಾವ್ಯಾವುದೋ ಊರಿನ ಹೋಟೆಲ್ ರೂಮಿನಲ್ಲಿ ನಡುಮಧ್ಯಾಹ್ನ ಪರದೆ ಎಳೆದು, ಅಂಗೈಯಲ್ಲಿ ಒಂದು ಮಾತ್ರೆ ಇಟ್ಟುಕೊಂಡು ಕೂತವರು ಇದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕುಶಾಲನಗರದಿಂದ ಆಚೆ, ಹೆಬ್ಬಾಲೆ ಕಡೆ. ತಾತ ಅರಕಲಗೂಡಿನಿಂದ ಬಂದು ಇಲ್ಲಿ ಜಮೀನು ಮಾಡಿದವರು. ಕೊಡಗು ಅಂದ ತಕ್ಷಣ ಜೊತೆಯವರೆಲ್ಲ ಕಾಫಿ ತೋಟ ಎಷ್ಟು ಎಕರೆ ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ಒಂದು ಕಾಫಿ ಗಿಡವೂ ಇಲ್ಲ. ಜೋಳ, ಶುಂಠಿ, ಮುಖ್ಯವಾಗಿ ಹೊಗೆಸೊಪ್ಪು. ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಸೇರಿ ದುಡಿಯುವ ಮನೆ. ಆ ಮನೆಯಿಂದ ನಾನು ಹೇಗೋ ವಿಮಾನ ಹತ್ತಿಬಿಟ್ಟೆ. ಊರಲ್ಲಿ ನನ್ನನ್ನು ‘ಏರೋಪ್ಲೇನ್ ಸವಿತ’ ಅನ್ನುತ್ತಾರೆ. ಆ ಹೆಸರು ಕೇಳಿದಾಗಲೆಲ್ಲ ಅವ್ವ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ನನಗೂ ಜಂಬವಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ನಮ್ಮ ಕೆಲಸದಲ್ಲಿ ನಿದ್ದೆಗೆ ಹೊತ್ತು ಗೊತ್ತು ಇಲ್ಲ. ಇವತ್ತು ಕೋಳಿ ಕೂಗುವ ಮೊದಲೇ ಡ್ಯೂಟಿ, ನಾಳಿದ್ದು ಸಂಜೆ. ಊಟದ ಹೊತ್ತಿಗೆ ಹೋಟೆಲ್ ಸೇರಿದರೆ ಆಗಲೇ ಮಲಗಿ ಎದ್ದು ಮತ್ತೆ ತಯಾರಾಗಬೇಕು. ದೇಹ ದಣಿದಿರುತ್ತದೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಪರದೆಯ ಸಂದಿಯಿಂದ ಒಂದು ಗೆರೆ ಬಿಸಿಲು ಬಂದು ಗೋಡೆ ಮೇಲೆ ಕೂತಿರುತ್ತದೆ. ಅದು ಗೋಡೆಯಿಂದ ಕಪಾಟಿಗೆ, ಕಪಾಟಿನಿಂದ ನೆಲಕ್ಕೆ ಇಳಿಯುವುದನ್ನು ನೋಡುತ್ತಾ ಎಷ್ಟು ಮಧ್ಯಾಹ್ನ ಕಳೆದೆನೋ.

ಮೊದಲು ನೆಗಡಿ ಮಾತ್ರೆ. ಒಮ್ಮೆ ನಿಜವಾಗಿಯೂ ನೆಗಡಿಯಾಗಿತ್ತು, ತಗೊಂಡೆ, ಚೆನ್ನಾಗಿ ನಿದ್ದೆ ಬಂತು. ಆಮೇಲೆ ನೆಗಡಿ ಇಲ್ಲದಿದ್ದರೂ ತಗೊಂಡೆ. ಅದು ಕೆಲಸ ಮಾಡುವುದನ್ನು ನಿಲ್ಲಿಸಿದ ಮೇಲೆ ಒಬ್ಬಳು ಸೀನಿಯರ್ ತನ್ನ ಪರ್ಸಿನಿಂದ ಒಂದು ಬಿಳಿ ಮಾತ್ರೆ ತೆಗೆದು, ಮಧ್ಯಕ್ಕೆ ಮುರಿದು, ಅರ್ಧ ನನ್ನ ಕೈಗಿಟ್ಟಳು. ಹಣೆ ಸವರಿ, “ಮಗು ಥರ ಮಲಗು ಹೋಗು” ಅಂದಳು. ನಿಜಕ್ಕೂ ಹಾಗೇ ಮಲಗಿದೆ. ಎದ್ದಾಗ ಅಳು ಬರುವಷ್ಟು ಹಗುರವಾಗಿತ್ತು ಮೈ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಮಾತ್ರೆ ಹಂಚಿಕೊಳ್ಳುವುದು ಅಂದರೆ ಸೇಫ್ಟಿ ಪಿನ್ನು ಹಂಚಿಕೊಂಡ ಹಾಗೆ. ಯಾರಿಗೆ ನಿದ್ದೆ ಇಲ್ಲವೋ ಅವರಿಗೆ ಇನ್ನೊಬ್ಬರು ಕೊಡುತ್ತಾರೆ, ಪ್ರೀತಿಯಿಂದ ಕೊಡುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಯಾವ ಔಷಧಿ ತಗೊಂಡರೂ, ನೆಗಡಿಯದ್ದೇ ಆದರೂ, ಕಂಪನಿಯ ಡಾಕ್ಟರನ್ನು ಕೇಳಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಪರೀಕ್ಷೆಯಲ್ಲಿ ನಾನು ಒಳ್ಳೆಯ ಅಂಕ ತೆಗೆದಿದ್ದೆ. ಆದರೆ ಕೇಳಿದರೆ ‘ಅನ್‌ಫಿಟ್’ ಅಂತ ಬರೆದು ಹಾರುವ ಕೆಲಸದಿಂದ ಕೆಳಗಿಳಿಸುತ್ತಾರೆ ಅನ್ನುವ ಹೆದರಿಕೆ. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಡ್ಯೂಟಿಗೆ ಎಷ್ಟು ತಾಸಿದೆ ಅಂತ ಬೆರಳಲ್ಲಿ ಎಣಿಸಿಕೊಂಡು, ಸಾಕಾಗುತ್ತೆ ಅನ್ನಿಸಿದರೆ ನುಂಗುತ್ತಿದ್ದೆವು.

ಸೀನಿಯರ್ ಕೊಡುವ ಅರ್ಧ ಸಾಲದಾದಾಗ ನಾನು ಅವ್ವನಿಗೆ ಫೋನ್ ಮಾಡಿದೆ. ಇದು ನಾನು ಮಾಡಿದ ಕೆಲಸಗಳಲ್ಲೆಲ್ಲ ಕೆಟ್ಟದ್ದು. ಬೆಂಗಳೂರಿನ ಔಷಧಿ ಅಂಗಡಿಗಳಲ್ಲಿ ಡಾಕ್ಟರ ಚೀಟಿ ಕೇಳುತ್ತಿದ್ದರು. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಅವ್ವನ ಮುಖ ನೋಡಿದರೆ ಸಾಕು, ಕೊಡುತ್ತಿದ್ದರು. ನಾನು ಹೆಸರು ಹೇಳಿ, “ತಲೆನೋವಿಂದು ಅವ್ವ, ಇಲ್ಲಿ ಸಿಗಲ್ಲ” ಅಂದೆ. ಅವ್ವ ಆ ಹೆಸರನ್ನು ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡು, ಅಂಗಡಿಗೆ ಹೋಗಿ, “ನಮ್ ಹುಡುಗಿ ಮ್ಯಾಲೆ ಹಾರಾಡ್ತಳಲ್ಲ, ತಲೆನೋವು ಬತ್ತದಂತೆ” ಅಂತ ಹೇಳಿ ತಂದು, ನಿಂಬೆಕಾಯಿ ಉಪ್ಪಿನಕಾಯಿ ಜಾಡಿಯ ಜೊತೆ ಬಟ್ಟೆಯಲ್ಲಿ ಸುತ್ತಿ, ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಹೆಚ್ಚು ಕಡಿಮೆ ಎರಡು ವರ್ಷ ಹೀಗೇ ಕಳಿಸಿದಳು.

ಅರ್ಧ ಹೋಗಿ ಒಂದಾಯಿತು, ಒಂದು ಹೋಗಿ ಒಂದೂವರೆ. ಮಾತ್ರೆ ಇಲ್ಲದ ದಿನ ಕೈ ನಡುಗುತ್ತಿತ್ತು. ಆಮೇಲೆ ಮರೆವು ಶುರುವಾಯಿತು. ಒಂದು ದಿನ ಅವ್ವ ಫೋನಿನಲ್ಲಿ, “ನಿನ್ನೆ ಅಷ್ಟೊತ್ತು ಮಾತಾಡಿದ್ಯಲ್ಲ ಮಗ, ಅತ್ತಿಗೆಗೆ ಹಸುರು ಸೀರೆ ತತ್ತೀನಿ ಅಂದ್ಯಲ್ಲ” ಅಂದಳು. ನನಗೆ ಒಂದು ಮಾತೂ ನೆನಪಿರಲಿಲ್ಲ. ಫೋನ್ ತೆಗೆದು ನೋಡಿದರೆ ಮೂವತ್ತೆರಡು ನಿಮಿಷ ಮಾತಾಡಿದ್ದೇನೆ. ನಗುತ್ತಾ “ಹೂಂ ಅವ್ವ, ತತ್ತೀನಿ” ಅಂದೆ. ಹಸಿರು ಸೀರೆ ತಂದೂ ಕೊಟ್ಟೆ. ಹೆದರಿಕೆಯನ್ನು ಹಾಗೇ ನುಂಗಿಕೊಂಡೆ.

ಈಗ ಬಾಗಿಲಿನ ವಿಷಯ ಹೇಳಬೇಕು. ವಿಮಾನದ ಪ್ರತಿ ಬಾಗಿಲಿನ ಒಳಗೆ ಒಂದು ರಬ್ಬರಿನ ಜಾರುಬಂಡೆ ಮಡಚಿ ಕೂರಿಸಿರುತ್ತಾರೆ. ಅಪಘಾತವಾದರೆ ಬಾಗಿಲು ತೆರೆದ ಕೂಡಲೇ ಅದು ಹೊರಕ್ಕೆ ಚಿಮ್ಮಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಜನ ಜಾರಿ ಪಾರಾಗಬಹುದು. ಹೊರಡುವ ಮುಂಚೆ ಒಂದು ಹಿಡಿಯನ್ನು ಒತ್ತಿ ಅದನ್ನು ಸಜ್ಜು ಮಾಡುತ್ತೇವೆ. ಇಳಿದ ಮೇಲೆ ಅದೇ ಹಿಡಿಯನ್ನು ಮೇಲೆತ್ತಿ ಅದನ್ನು ಮಲಗಿಸಬೇಕು. ಆಮೇಲೆ ಎದುರಿನ ಬಾಗಿಲನ್ನು ನಾವು, ನಮ್ಮ ಬಾಗಿಲನ್ನು ಎದುರಿನವರು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮಲಗಿಸುವುದನ್ನು ಮರೆತು ಬಾಗಿಲು ತೆರೆದರೆ, ಹೊರಗೆ ಏಣಿ ಮೇಲೆ ನಿಂತ ಮನುಷ್ಯನ ಎದೆಗೆ ಆ ಜಾರುಬಂಡೆ ಸಿಡಿಯುತ್ತದೆ. ಅವನು ಅಷ್ಟೆತ್ತರದಿಂದ ಸಿಮೆಂಟು ನೆಲಕ್ಕೆ ಬೀಳುತ್ತಾನೆ.

ಅವತ್ತು ನಾನು ಬೆಂಗಳೂರಿನ ಮನೆಯಲ್ಲೇ ಸ್ಟ್ಯಾಂಡ್‌ಬೈ ಇದ್ದೆ. ಅಂದರೆ ಯಾರಾದರೂ ಬರದಿದ್ದರೆ ನಮ್ಮನ್ನು ಕರೆಯುತ್ತಾರೆ. ಕರೆಯುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡು ಬೆಳಿಗ್ಗೆ ಎಂಟಕ್ಕೆ ಒಂದೂವರೆ ಮಾತ್ರೆ ನುಂಗಿ ಮಲಗಿದೆ. ಹತ್ತೂವರೆಗೆ ಫೋನ್ ಬಂತು. ಆಗುವುದಿಲ್ಲ ಅನ್ನಬೇಕಿತ್ತು. ‘ಸರಿ’ ಅಂದೆ. ತಣ್ಣೀರು ಸ್ನಾನ ಮಾಡಿ, ಎರಡು ಲೋಟ ಕಾಫಿ ಕುಡಿದು, ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದೆ.

ನಾನು ಆ ವಿಮಾನದ ಸಿಬ್ಬಂದಿಗೆ ಮುಖ್ಯಸ್ಥೆ. ಮುಂದಿನ ಎಡಗಡೆ ಬಾಗಿಲು ನನ್ನದು. ಎದುರಿನ ಬಲಗಡೆ ಬಾಗಿಲಲ್ಲಿ ದೇಚಮ್ಮ, ವಿರಾಜಪೇಟೆಯ ಹುಡುಗಿ, ಸೇರಿ ಎರಡು ವರ್ಷ ಆಗಿತ್ತು. ಪ್ರಯಾಣಿಕರು ಇಲ್ಲದಿದ್ದಾಗ ನಾವಿಬ್ಬರೂ ಕನ್ನಡ ಮಾತಾಡಿಕೊಳ್ಳುತ್ತಿದ್ದೆವು. ಇಳಿದೆವು. ಎಲ್ಲ ಬಾಗಿಲೂ ಮಲಗಿಸಿ ಅಂತ ಮೈಕಿನಲ್ಲಿ ಹೇಳಿದವಳು ನಾನೇ. ನಮ್ಮ ಬಾಗಿಲು ಆಯಿತು, ನೋಡಿದ್ದೂ ಆಯಿತು ಅಂತ ಹೇಳಿದವಳೂ ನಾನೇ. ಕೈ ಬಾಗಿಲು ತೆರೆಯುವ ದೊಡ್ಡ ಹಿಡಿಯ ಮೇಲಿತ್ತು. ಎತ್ತಬೇಕು, ಅಷ್ಟರಲ್ಲಿ ಯಾರೋ ನನ್ನ ಮಣಿಕಟ್ಟನ್ನು ಬಳೆ ಒಡೆಯುವ ಹಾಗೆ ಹಿಡಿದರು.

“ಅಕ್ಕಾ, ಬೇಡ! ಕೆಳಗೇ ಇದೆ ನೋಡಿ!” ಅಂದಳು ದೇಚಮ್ಮ.

ಜಾರುಬಂಡೆಯನ್ನು ಸಜ್ಜು ಮಾಡುವ ಇನ್ನೊಂದು ಹಿಡಿ ಕೆಳಗೇ ಇತ್ತು. ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಅವಳೇ ಅದನ್ನು ಮೇಲೆತ್ತಿದಳು. ಬಾಗಿಲಿನ ಪುಟ್ಟ ಗಾಜಿನಾಚೆ ಒಬ್ಬ ನಿಂತಿದ್ದ. ಹಳದಿ ಜಾಕೆಟ್ಟಿನ ಭುಜ ಮಾತ್ರ ಕಂಡಿತು, ಮುಖ ನೋಡುವ ಧೈರ್ಯ ಬರಲಿಲ್ಲ. ಬಾಗಿಲು ತೆರೆದು, ಕೈಮುಗಿದು, ನೂರೆಂಬತ್ತು ಜನಕ್ಕೂ ಧನ್ಯವಾದ ಹೇಳಿ ಕಳಿಸಿದೆ.

ಎಲ್ಲರೂ ಇಳಿದ ಮೇಲೆ ದೇಚಮ್ಮ ಕೇಳಿದಳು. “ಅಕ್ಕ, ನೀವು ಮೈಕಲ್ಲಿ ಆಯ್ತು ಅಂದ್ರಲ್ಲ?”

“ಅಂದ್ನಾ?” ಅಂದೆ. ನಿಜವಾಗಿಯೂ ನನಗೆ ನೆನಪಿರಲಿಲ್ಲ.

“ಮಾತ್ರೆ ತಗೊಂಡಿದ್ರಾ?” ಅಂದಳು. ನಾನು ತಲೆ ತಗ್ಗಿಸಿದೆ. “ನೀವೇ ಹೇಳಿ ಅಕ್ಕ ಆಫೀಸಲ್ಲಿ. ನಾನು ಹೇಳಿದ್ರೆ ಚಾಡಿ ಆಗುತ್ತೆ. ಆದ್ರೆ ನೀವು ಹೇಳ್ಲಿಲ್ಲಾಂದ್ರೆ ನಾನು ಹೇಳ್ಲೇಬೇಕು. ಒಂದು ವಾರ ನೋಡ್ತೀನಿ.” ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆ ಕ್ಷಣ ಅವಳ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಪ್ರಾಣ ಉಳಿಸಿದವಳ ಮೇಲೆ ಅಷ್ಟು ಸಿಟ್ಟು ಬರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಜ್ವರ ಅಂತ ಹೇಳಿ ರಜೆ ಹಾಕಿ ಊರಿಗೆ ಬಂದೆ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ವಾರದೊಳಗೆ ಏನಾದರೂ ದಾರಿ ಹೊಳೆಯಬಹುದು ಅಂದುಕೊಂಡಿದ್ದೆ. ದೇಚಮ್ಮನನ್ನು ಹೇಗಾದರೂ ಪುಸಲಾಯಿಸಿ ಬಾಯಿ ಮುಚ್ಚಿಸಬಹುದಾ ಅಂತಲೂ ಯೋಚಿಸಿದೆ. ಇದನ್ನೂ ಮುಚ್ಚಿಡುವುದಿಲ್ಲ.

ಊರಲ್ಲಿ ಹೊಗೆಸೊಪ್ಪು ಬೇಯಿಸುವ, ಅಂದರೆ ಶಾಖ ಕೊಟ್ಟು ಒಣಗಿಸುವ ಕಾಲ. ಅದಕ್ಕೆಂದೇ ಕಟ್ಟಿದ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಮೇಲಿಂದ ಕೆಳಗಿನವರೆಗೆ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸುತ್ತಾರೆ. ಬಿಸಿ ತಗಡಿನ ಪೈಪುಗಳು ನೆಲದಲ್ಲಿ ಹಾದುಹೋಗುತ್ತವೆ. ಐದಾರು ದಿನ ಒಂದೇ ಸಮ ಕಾಯಬೇಕು. ಉರಿ ಜಾಸ್ತಿಯಾಗಿ ಒಂದು ಒಣ ಎಲೆ ಕಳಚಿ ಪೈಪಿನ ಮೇಲೆ ಬಿದ್ದರೆ ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ಆದ್ದರಿಂದ ತಾಸಿಗೊಮ್ಮೆ ಶಾಖ ಎಷ್ಟಿದೆ ಅಂತ ನೋಡಿ, ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಮನೆಯ ರೂಢಿ. ಒಬ್ಬರು ಎದ್ದು ಇನ್ನೊಬ್ಬರು ಬಂದಾಗ ಅದನ್ನು ನೋಡಿಕೊಂಡು ಮುಂದುವರಿಸುತ್ತಾರೆ. ರಾತ್ರಿ ಅಪ್ಪನದು, ಹಗಲು ಅಣ್ಣನದು.

ನಾನು ಬಂದ ಮೂರನೇ ದಿನ ಅಣ್ಣನಿಗೆ ಟ್ರ್ಯಾಕ್ಟರ್ ಕೆಟ್ಟು ಕುಶಾಲನಗರಕ್ಕೆ ಹೋಗಬೇಕಾಯಿತು. ಬೆಳಿಗ್ಗೆ ಮಲಗಿದ್ದ ಅಪ್ಪನನ್ನು ಹನ್ನೊಂದು ಗಂಟೆಗೆ ಎಬ್ಬಿಸಿ ಒಲೆ ಮುಂದೆ ಕೂರಿಸಿ ಹೋದ. ನಾನು ಜಗುಲಿಯಲ್ಲಿ ಗೋಡೆಗೆ ಒರಗಿಕೊಂಡು, ಆಫೀಸಿಗೆ ಬರೆಯಬೇಕಾದ ಪತ್ರವನ್ನು ಫೋನಿನಲ್ಲಿ ನಾಲ್ಕನೇ ಸಲ ಅಳಿಸುತ್ತಿದ್ದೆ. ಆಗ ಅತ್ತಿಗೆ ಕೂಗಿಕೊಂಡಳು. ಬ್ಯಾರನ್ನಿನ ಸೂರಿನ ಸಂದಿಯಿಂದ ದಟ್ಟ ಕಂದು ಹೊಗೆ ಬರುತ್ತಿತ್ತು.

ಓಡಿ ಹೋದಾಗ ಅಪ್ಪ ಒಲೆಯ ಬಾಯಿಯಿಂದ ಎರಡು ಮಾರು ದೂರದಲ್ಲಿ, ಸೌದೆಗೆ ತಲೆಯಿಟ್ಟು ಮಲಗಿದ್ದ. ಎಳೆದರೂ ಏಳಲಿಲ್ಲ. ಒಲೆಯಿಂದ ಉರುಳಿದ ಕೊಳ್ಳಿ ಅವನ ಪಂಚೆಯ ಅಂಚಿಗೆ ಒಂದು ಗೇಣು ದೂರದಲ್ಲಿ ಹೊಗೆಯಾಡುತ್ತಿತ್ತು. ನಾನೂ ಅತ್ತಿಗೆಯೂ ಅಪ್ಪನ ರಟ್ಟೆ ಹಿಡಿದು ಎಳೆದು ಹಾಕಿದೆವು. ಪಕ್ಕದ ಗದ್ದೆಯವರು ಓಡಿ ಬಂದು ಪಂಪು ಹಾಕಿ ನೀರು ಬಿಟ್ಟರು. ಕೆಳಗಿನ ಸಾಲುಗಳ ಸೊಪ್ಪು ಹೋಯಿತು, ಮಾಡು ಉಳಿಯಿತು. ಅಪ್ಪನಿಗೆ ಒಂದು ಬೊಬ್ಬೆಯೂ ಏಳಲಿಲ್ಲ.

ಮುಖಕ್ಕೆ ನೀರು ಎರಚಿದ ಮೇಲೆ ಅಪ್ಪ ಕಣ್ಣು ಬಿಟ್ಟ. ನಲವತ್ತು ವರ್ಷದಿಂದ ಸೊಪ್ಪು ಬೇಯಿಸಿದ ಮನುಷ್ಯ. ಒಮ್ಮೆಯೂ ಒಲೆ ಮುಂದೆ ತೂಕಡಿಸಿದವನಲ್ಲ.

“ನಾನ್ ಮಲಗ್ಲಿಲ್ಲ ಕಣವ್ವ,” ಅಂದ. “ಈಗ್ಲೇ ಅಲ್ವ ಬಂದು ಕೂತಿದ್ದು? ಇನ್ನೂ ಶಾಖವೇ ನೋಡಿಲ್ಲ.”

ನಾನು ಬಾಗಿಲ ಕಡೆ ನೋಡಿದೆ. ಹೊಗೆಯಿಂದ ಕಪ್ಪಾದ ಹಲಗೆಯ ಮೇಲೆ ಅಣ್ಣ ಬರೆದ ಅಂಕಿಗಳ ಕೆಳಗೆ ಇನ್ನೆರಡು ಅಂಕಿ ಇದ್ದವು. ಅಪ್ಪನ ಕೈಬರಹವೇ, ಏಳನ್ನು ಉದ್ದ ಬಾಲ ಎಳೆದು ಬರೆಯುವುದು ಅವನೊಬ್ಬನೇ. ಹನ್ನೊಂದಕ್ಕೆ ಒಂದು, ಹನ್ನೆರಡಕ್ಕೆ ಇನ್ನೊಂದು. ಅಪ್ಪ ಎದ್ದು ಬಂದು ಅದನ್ನೇ ನೋಡಿದ. ಬೆರಳಲ್ಲಿ ಮುಟ್ಟಿ, ಸುಣ್ಣವನ್ನು ಉಜ್ಜಿ ನೋಡಿದ. “ಇದ್ಯಾವಾಗ ಬರುದ್ನೋ” ಅಂದ. ಅವನ ದನಿಯಲ್ಲಿದ್ದ ಹೆದರಿಕೆ ನನಗೆ ಎಷ್ಟು ಚೆನ್ನಾಗಿ ಪರಿಚಯವಿತ್ತು ಅಂದರೆ, ಅಷ್ಟರಲ್ಲಿ ಓಡಿ ಬಂದಿದ್ದ ಅವ್ವನ ಕಡೆ ತಕ್ಷಣ ತಿರುಗಿದೆ.

“ಅವ್ವ, ಅಪ್ಪಂಗೆ ಏನಾದ್ರೂ ಕೊಟ್ಯಾ?” ಅಂತ ಕೇಳಿದೆ.

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಬೆಳಿಗ್ಗೆ ನಿದ್ದೆ ಹತ್ತುತಿಲ್ಲ, ತಲೆ ಸಿಡೀತದೆ ಅಂದ್ರು. ನಿನ್ ಮಾತ್ರೆ ಎರಡು ಮಡಗಿದ್ನಲ್ಲ, ಒಂದು ಕೊಟ್ಟೆ. ತಲೆನೋವಿಂದು ತಾನೆ?”

ಆಗ ಹೇಳಿದೆ. ಹೊಗೆ ಇನ್ನೂ ಪೂರ್ತಿ ನಿಂತಿರಲಿಲ್ಲ, ಪಕ್ಕದ ಗದ್ದೆಯವರು ಪಂಪಿನ ಪೈಪು ಸುತ್ತುತ್ತಿದ್ದರು, ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಅದು ತಲೆನೋವಿನ ಮಾತ್ರೆ ಅಲ್ಲ ಅಂತ ಹೇಳಿದೆ. ಎರಡು ವರ್ಷದಿಂದ ತಿನ್ನುತ್ತಿದ್ದೇನೆ, ಬಿಡಲು ಆಗುತ್ತಿಲ್ಲ ಅಂದೆ. ವಿಮಾನದ ಬಾಗಿಲಿನ ಕತೆಯನ್ನೂ, ಏಣಿ ಮೇಲೆ ನಿಂತಿದ್ದವನ ಹಳದಿ ಜಾಕೆಟ್ಟನ್ನೂ ಹೇಳಿದೆ. ಜ್ವರ ಬಂದಿಲ್ಲ ಅಂತಲೂ ಹೇಳಿದೆ.

ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. “ನನ್ ಕೈಯಾರೆ ಕಳಿಸ್ದೆನಲ್ಲೇ, ಉಪ್ಪಿನಕಾಯ್ ಜೊತೇಲಿ ಕಳಿಸ್ದೆನಲ್ಲೇ” ಅಂತ ಅತ್ತಳು. ಅವಳ ಆ ಅಳು ನನ್ನ ಕಾಯಿಲೆಯಲ್ಲೆಲ್ಲ ನಾನು ಅನುಭವಿಸಿದ ದೊಡ್ಡ ನೋವು. ಮಿಕ್ಕಿದ್ದೆಲ್ಲ ಅದರ ಮುಂದೆ ಏನೂ ಅಲ್ಲ.

ಅಪ್ಪ ಆ ಬಾಗಿಲಿನಿಂದ ಈಚೆ ಬಂದ. “ನಂದು ಸುಟ್ರೆ ಸೊಪ್ಪು ಹೋಯ್ತದೆ ಮಗ. ನಿಂದು ಹಂಗಲ್ಲ. ಹೇಳ್ಬುಡು” ಅಂದ.

ಅವತ್ತು ಸಂಜೆಯೊಳಗೆ ಆಫೀಸಿಗೆ ಬರೆದು ಕಳಿಸಿದೆ. ಐದು ಸಾಲು. ನಾಲ್ಕು ಸಲ ಅಳಿಸಿದ್ದ ಪತ್ರ ಐದು ನಿಮಿಷದಲ್ಲಿ ಮುಗಿಯಿತು. ದೇಚಮ್ಮನಿಗೆ ‘ಹೇಳಿದೆ’ ಅಂತ ಒಂದೇ ಪದ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿ ಅತ್ತಳು. ನನಗೆ ಸಿಟ್ಟು ಬಂದಿತ್ತಲ್ಲ, ಅದು ಆಗ ಹೋಯಿತು.

ಅವ್ವ ಮನೆಯಲ್ಲಿ ಉಳಿದಿದ್ದ ಮಾತ್ರೆ, ನನ್ನ ಬ್ಯಾಗಿನಲ್ಲಿದ್ದ ಮಾತ್ರೆ ಎಲ್ಲವನ್ನೂ ಒಲೆಗೆ ಹಾಕಲು ಹೊರಟಿದ್ದಳು. ಒಂದೇ ಸಲ ನಿಲ್ಲಿಸಿದರೆ ಅಪಾಯ ಅಂತ ಎಲ್ಲೋ ಓದಿದ್ದೆ, ಗಟ್ಟಿಯಾಗಿ ಹಿಡಿದು ತಡೆದೆ. ಇನ್ನೂ ತಿನ್ನುವ ಆಸೆ ಇವಳಿಗೆ ಅಂತ ಅವಳು ಅನುಮಾನದಿಂದ ನೋಡಿದಳು. ಆ ಅನುಮಾನ ಪೂರ್ತಿ ತಪ್ಪೂ ಆಗಿರಲಿಲ್ಲ. ಮರುದಿನವೇ ಇಬ್ಬರೂ ಮಡಿಕೇರಿಯ ಆಸ್ಪತ್ರೆಗೆ ಹೋದೆವು.

ಮನೋರೋಗ ವಿಭಾಗ ಅಂತ ಬೋರ್ಡು ನೋಡಿ ಅವ್ವ ಬಾಗಿಲಲ್ಲೇ ನಿಂತಳು. ಗುರುತಿನವರು ಯಾರಾದರೂ ಇದ್ದರೆ ಅಂತ ಮೊದಲು ಇಣುಕಿದಳು. ಬೆಂಚು ತುಂಬಾ ಜನ. ಗಾಳಿಬೀಡು ಕಡೆಯಿಂದ ಬಂದ ಗಂಡ ಹೆಂಡತಿ, ಅರೆಭಾಷೆಯಲ್ಲಿ ಮೆಲ್ಲಗೆ ಜಗಳವಾಡುತ್ತಿದ್ದರು. ನಮಗೆ ಜಾಗ ಬಿಟ್ಟುಕೊಟ್ಟಾಕೆ ನೆಲ್ಯಹುದಿಕೇರಿಯವರು, ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಇದ್ದುಕೊಂಡು ಕಾಫಿ ಪಿಕ್ಕಿಂಗಿಗೆ ಹೋಗುವ ಹೆಂಗಸು. ತಮಿಳು ಬೆರೆತ ಕನ್ನಡ. ನನಗೇನು ತೊಂದರೆ ಅಂತ ಅವ್ವನನ್ನೇ ಕೇಳಿದರು.

“ನಿದ್ದೆ ಬರಲ್ಲ” ಅಂದಳು ಅವ್ವ, ಸಣ್ಣ ದನಿಯಲ್ಲಿ.

“ನಂದೂ ಅದೇ ಅಮ್ಮ. ಒಂದ್ ಸಲ ಹೊಳೆ ಮನೆ ಒಳಗೆ ಬಂದುಬಿಡ್ತು. ಅದಾದ್ಮೇಲೆ ಮಳೆ ಸದ್ದು ಕೇಳಿದ್ರೆ ಎದ್ದು ಕೂತ್ಕೊಳ್ಳೋದು. ಮಕ್ಕಳ ಕಾಲೆಲ್ಲ ಮುಟ್ಟಿ ನೋಡೋದು, ನೀರಾಗಿದ್ಯಾ ಅಂತ.” ಸೀರೆಯ ಗಂಟಿನಿಂದ ಒಂದು ಕಿತ್ತಳೆ ತೆಗೆದು ಸುಲಿದು, ಅರ್ಧ ಅವ್ವನಿಗೆ ಕೊಟ್ಟರು. ಅವ್ವ ಅದರಲ್ಲಿ ಎರಡು ತೊಳೆ ನನಗೆ ಕೊಟ್ಟಳು. ಆಮೇಲೆ ಅವ್ವ ಸುತ್ತ ಇಣುಕುವುದನ್ನು ನಿಲ್ಲಿಸಿದಳು. ಎರಡು ತಾಸು ಕಾದೆವು, ಅಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಮಕ್ಕಳ ಹೆರಿಗೆಯ ತನಕ ಮಾತಾಡಿ ಮುಗಿಸಿದ್ದರು.

ಡಾಕ್ಟರ್ ನನಗಿಂತ ಸ್ವಲ್ಪ ದೊಡ್ಡವರು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ, “ಯಾರು ಬರೆದುಕೊಟ್ಟಿದ್ದು?” ಅಂದರು.

“ಯಾರೂ ಇಲ್ಲ.”

“ಎಷ್ಟು ತಗೊಳ್ತೀರಿ?”

“ಒಂದು” ಅಂದೆ. ಆಮೇಲೆ ಪಕ್ಕದಲ್ಲಿ ಕೂತಿದ್ದ ಅವ್ವನ ಕೈ ನೋಡಿ, “ಒಂದೂವರೆ. ಒಂದೊಂದ್ಸಲ ಎರಡು” ಅಂದೆ.

ಅವರು ಬೈಯಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದ ನನಗೆ ಅದೇ ತಡೆಯಲಾಗಲಿಲ್ಲ. “ಅಭ್ಯಾಸ ಆಗಿರೋದು ನಿಮ್ಮ ಮೈಗೆ. ಅದನ್ನ ನಿಧಾನಕ್ಕೆ ಬಿಡಿಸ್ಬೇಕು, ವಾರಗಟ್ಲೆ ಆಗುತ್ತೆ. ನೀವಾಗಿ ನೀವೇ ಶುರು ಮಾಡಿದ್ರಿ, ಬಿಡೋದನ್ನ ಮಾತ್ರ ನೀವಾಗಿ ನೀವೇ ಮಾಡ್ಬೇಡಿ” ಅಂದರು. ಪ್ರಮಾಣ ಕಡಿಮೆ ಮಾಡುತ್ತಾ ಹೋಗಬೇಕು ಅಂದಾಗ ಅವ್ವ ತಕ್ಷಣ, “ಮನೇಲಿ ಅಡಕತ್ತರಿ ಐತೆ ಮೇಡಂ, ನಾನೇ ಕತ್ತರಿಸಿ ಕೊಡ್ತೀನಿ” ಅಂದಳು. ಡಾಕ್ಟರ್ ನಕ್ಕರು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ. ಕೊನೆಗೆ ಅಡಕತ್ತರಿ ಬೇಡ ಅಂತ ಹೇಳಿ, ಕಡಿಮೆ ಪವರಿನದನ್ನೇ ಬರೆದುಕೊಟ್ಟರು. ಮಾತ್ರೆ ಅವ್ವನ ಹತ್ತಿರ ಇರಬೇಕು ಅಂತ ಅವ್ವನಿಗೇ ಹೇಳಿದರು.

ಅವ್ವ ಅದನ್ನು ಸಾಸಿವೆ ಡಬ್ಬದಲ್ಲಿಟ್ಟು, ಲೆಕ್ಕ ತಪ್ಪದೆ ಕೊಟ್ಟಳು. ವಾಪಸ್ ಬರುವ ದಾರಿಯಲ್ಲೇ, ಮಾತ್ರೆ ತರುತ್ತಿದ್ದ ಆ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ್ದಳು. ನಾನು ಆಟೋದಲ್ಲಿ ಮುದುಡಿ ಕೂತಿದ್ದೆ. “ನಾನೂ ತಪ್ಪು ಮಾಡ್ದೆ, ನೀನೂ ತಪ್ಪು ಮಾಡ್ದೆ ಕಣಪ್ಪ. ಇನ್ಮ್ಯಾಕೆ ಚೀಟಿ ಇಲ್ದೆ ನಾನೇ ಬಂದು ಕಾಲು ಹಿಡಿದ್ರೂ ಕೊಡ್ಬ್ಯಾಡ” ಅಂತ ಗಿರಾಕಿಗಳ ಎದುರೇ ಹೇಳಿ ಬಂದಳು. ಜೋರು ಮಾಡಲಿಲ್ಲ.

ಆ ವಾರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ರಮಾಣ ಇಳಿಸಿದಾಗಲೆಲ್ಲ ಇದ್ದ ಒಂದು ಹಿಡಿ ನಿದ್ದೆಯೂ ಹೋಗುತ್ತಿತ್ತು. ಬೆವರು, ಎದೆ ಡವಡವ, ಸುಮ್ಮಸುಮ್ಮನೆ ಅಳು. ಒಂದು ಬೆಳಿಗ್ಗೆ ಅವ್ವ ದನ ಕಟ್ಟಲು ಹೋದಾಗ ಸಾಸಿವೆ ಡಬ್ಬಕ್ಕೆ ಕೈ ಹಾಕಿದೆ. ಅತ್ತಿಗೆ ಒಳಗೆ ಬಂದವಳು ನೋಡಿದಳು. ಡಬ್ಬ ತೆಗೆದುಕೊಂಡು, ನನ್ನ ಕೈಗೆ ಒಂದು ಕಟ್ಟು ದಾರ ಕೊಟ್ಟು, “ಬನ್ನಿ, ಸೊಪ್ಪು ಕಟ್ಟೋರು ಒಬ್ರು ಕಮ್ಮಿ ಅವ್ರೆ” ಅಂದಳು. ಅಂಗಳದಲ್ಲಿ ಹೆಂಗಸರ ಜೊತೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿದೆ. ಅಂಗೈಯೆಲ್ಲ ಅಂಟು, ಬೇಗ ಕಪ್ಪಾಯಿತು. ಮೊದಲ ದಿನ ನಾನು ಕಟ್ಟಿದ್ದೆಲ್ಲ ಸಡಿಲವಾಗಿ ಉದುರಿ, ಎಲ್ಲರೂ ‘ಏರೋಪ್ಲೇನಿನ ಗಂಟು’ ಅಂತ ನಕ್ಕರು. ದಿನವೂ ಹೋಗಿ ಕೂತೆ. ಯಾವಾಗ ಸಹಜವಾದ ನಿದ್ದೆ ಬಂತು ಅಂತ ಸರಿಯಾಗಿ ಹೇಳಲಾರೆ. ಒಂದು ದಿನ ಎದ್ದಾಗ, ಮಲಗಿದ್ದು ನೆನಪಿತ್ತು, ಮಲಗುವ ಮುಂಚೆ ಅತ್ತಿಗೆ ಹೇಳಿದ ಮಾತೂ ನೆನಪಿತ್ತು. ಅದೇ ದೊಡ್ಡ ಭಾಗ್ಯ ಅನ್ನಿಸಿತು.

ಕಂಪನಿಯವರು ನನ್ನನ್ನು ಕೂಡಲೇ ಕೆಳಗಿಳಿಸಿದ್ದರು. ವಿಚಾರಣೆಯಾಯಿತು, ಡಾಕ್ಟರುಗಳ ಮುಂದೆ ಕೂತೆ, ರಕ್ತ, ಮೂತ್ರ, ಪ್ರಶ್ನೆ. ಮೇಜಿನ ಆಚೆಗಿದ್ದವರು ಅದೇ ಮಾತು ಮತ್ತೆ ಮತ್ತೆ ಕೇಳಿದರು. “ಮೈಕಿನಲ್ಲಿ ಹೇಳಿದ್ದು ನೆನಪಿಲ್ಲವೇ?” ನೆನಪಿಲ್ಲ ಅಂದೆ. ಅದು ಅವಮಾನವೇ, ಆದರೆ ಮುಚ್ಚಿಟ್ಟುಕೊಂಡು ತಿರುಗುವುದಕ್ಕಿಂತ ಹಗುರವಾಗಿತ್ತು. ದೇಚಮ್ಮನಿಗೂ, ಅವತ್ತೇ ಯಾಕೆ ತಿಳಿಸಲಿಲ್ಲ ಅಂತ ಎಚ್ಚರಿಕೆಯ ಪತ್ರ ಬಂತು. ನನ್ನ ಮೇಲಿನ ಕರುಣೆಗೆ ಅವಳು ತೆತ್ತ ಬೆಲೆ ಅದು. ಕ್ಷಮೆ ಕೇಳಿದೆ. “ಬಿಡಿ ಅಕ್ಕ, ಆ ಒಂದು ವಾರ ನನಗೂ ನಿದ್ದೆ ಬಂದಿಲ್ಲ” ಅಂದಳು.

ಕೆಲಸ ಹೋಯಿತು ಅಂತಲೇ ತಿಳಿದಿದ್ದೆ. ಏಳು ತಿಂಗಳ ಮೇಲೆ ಮತ್ತೆ ತರಬೇತಿಗೆ ಕರೆದರು. ಮುಖ್ಯಸ್ಥೆಯ ಸ್ಥಾನ ಹೋಯಿತು, ಹೊಸಬರ ಜೊತೆ ಕೊನೆಯ ಬೆಂಚಿನಿಂದ ಶುರು. ನನಗೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ನಿದ್ದೆ ಈಗಲೂ ನನ್ನ ಕೈಗೆ ಸಿಕ್ಕಿಬಿಟ್ಟಿಲ್ಲ. ಕೆಲವು ಮಧ್ಯಾಹ್ನ ಬಿಸಿಲಿನ ಗೆರೆ ಗೋಡೆಯಿಂದ ನೆಲಕ್ಕೆ ಇಳಿಯುವುದನ್ನು ನೋಡುತ್ತಾ ಮಲಗಿರುತ್ತೇನೆ. ಆಗ ಆಫೀಸಿಗೆ ಫೋನ್ ಮಾಡಿ, ಇವತ್ತು ನನ್ನಿಂದ ಆಗುವುದಿಲ್ಲ, ನಿದ್ದೆ ಆಗಿಲ್ಲ ಅಂತ ಹೇಳುತ್ತೇನೆ. ಈ ಎರಡು ಮಾತು ಹೇಳುವುದನ್ನು ಕಲಿಯಲು ಇಷ್ಟೆಲ್ಲ ಬೇಕಾಯಿತು. ಹೇಳಿದಾಗಲೆಲ್ಲ ಆಚೆಯವರ ದನಿ ಸ್ವಲ್ಪ ಗಡುಸಾಗುತ್ತದೆ, ಆದರೂ ಹೇಳುತ್ತೇನೆ.

ಮತ್ತೆ ಹಾರಿದ ಮೊದಲ ದಿನ ಮುಖ್ಯಸ್ಥೆಯ ಜಾಗದಲ್ಲಿ ದೇಚಮ್ಮ ಇದ್ದಳು. ಎಡಗಡೆ ಬಾಗಿಲು ನಿಯಮದ ಪ್ರಕಾರ ಅವಳದ್ದು. ಆದರೆ ಅವತ್ತು ನನ್ನ ಪರೀಕ್ಷೆ ಇತ್ತು, ಆ ಬಾಗಿಲನ್ನು ನಾನೇ ತೆರೆದು ತೋರಿಸಬೇಕಿತ್ತು. ಇಳಿದೆವು. ಬೆಲ್ಟಿನ ದೀಪ ಆರಿತು, ಹಿಂದೆ ಎಲ್ಲರೂ ಎದ್ದು ಬ್ಯಾಗು ಇಳಿಸುವ ಗದ್ದಲ. ನಾನು ಜಾರುಬಂಡೆಯ ಹಿಡಿಯನ್ನು ಮೇಲೆತ್ತಿದೆ. ಅದು ಕೂತ ಸದ್ದು ಕೇಳಿದೆ. ಬೆರಳಿಟ್ಟು ಮುಟ್ಟಿ ನೋಡಿದೆ, ಅಪ್ಪ ಸುಣ್ಣದ ಅಂಕಿಯನ್ನು ಮುಟ್ಟಿ ನೋಡಿದ ಹಾಗೆ.

“ನೋಡಿದ್ರಾ ಅಕ್ಕ?” ಅಂದಳು ದೇಚಮ್ಮ.

“ನೋಡ್ದೆ. ನೀನೂ ನೋಡು.”

ಅವಳು ಬಗ್ಗಿ ನೋಡಿ ತಲೆಯಾಡಿಸಿದಳು. ಆಮೇಲೆ ನಾನು ಆ ಪುಟ್ಟ ಗಾಜಿಗೆ ಮುಖ ತಂದು ಹೊರಗೆ ನೋಡಿದೆ. ಏಣಿ ಮೇಲೆ ಒಬ್ಬ ನಿಂತಿದ್ದ. ಹಳದಿ ಜಾಕೆಟ್ಟು, ನಲವತ್ತು ದಾಟಿದ ವಯಸ್ಸು, ಹಣೆಯಲ್ಲಿ ಬೆವರಿಗೆ ಕರಗಿದ ಕುಂಕುಮ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಊಟದ ಹೊತ್ತು ಮೀರಿದವರ ಹಾಗೆ ಕಾಯುತ್ತಿದ್ದ. ಅವತ್ತಿನವನೇ ಇರಬಹುದು, ಅಲ್ಲದೆಯೂ ಇರಬಹುದು. ನನ್ನನ್ನು ನೋಡಿ ಹೆಬ್ಬೆರಳು ಎತ್ತಿದ.

ಬಾಗಿಲು ತೆರೆದೆ. “ಲೇಟಾಯ್ತಲ್ಲ ಮೇಡಂ” ಅಂದ ಅವನು. ಆಯ್ತು ಅಣ್ಣ, ಸ್ವಲ್ಪ ಲೇಟಾಯ್ತು ಅಂದೆ.